ಪುಟ್ಟ ದೀಪ ಮತ್ತು ಹಳೆಯ ಎಂಜಿನ್ನು

ನಮ್ಮ ಮನೆಯ ಮುಂದಿನ ಹೊಂಗೆಯ ಮರದಡಿ ಒಂದು ಹಳೆಯ ಇನ್ನೋವಾ ಕಾರು ನಿಂತಿರುತ್ತದೆ. 2008ರಲ್ಲಿ ನೋಂದಣಿಯಾದ ಗಾಡಿ. ನಾನು ನಿವೃತ್ತನಾದ ಮರುವರ್ಷ, 2013ರಲ್ಲಿ, ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ತಗಡೂರಿನ ಕಿರುದಾರಿಗಳಲ್ಲಿ ಅಷ್ಟು ದೊಡ್ಡ ಕಾರು ಏಕೆ ಎಂದು ಆಗಲೂ ಕೇಳಿದವರಿದ್ದರು. ಇಷ್ಟು ಹಳೆಯ ಕಾರು ಏಕೆ ಎಂದು ಈಗ ಕೇಳುವವರಿದ್ದಾರೆ. 2023ರಲ್ಲಿ ಅದರ ಹದಿನೈದು ವರ್ಷಗಳ ನೋಂದಣಿ ಮುಗಿದಾಗ, ಮಾರಿಬಿಡಿ ಎಂದು ಮಗ ದೂರವಾಣಿಯಲ್ಲಿ ಹೇಳಿದ. ನಾನು ಮಾರಲಿಲ್ಲ. 2022ರ ಏಪ್ರಿಲ್ 1ರವರೆಗೆ ಆರುನೂರು ರೂಪಾಯಿ ಇದ್ದ ನವೀಕರಣ ಶುಲ್ಕ ಅಂದಿನಿಂದ ಐದು ಸಾವಿರ ರೂಪಾಯಿಯಾಗಿತ್ತು. ಅದನ್ನೂ ಹಸಿರು ತೆರಿಗೆಯನ್ನೂ ಕಟ್ಟಿ, ಗಾಡಿಯನ್ನು ತಪಾಸಣೆಗೆ ಒಪ್ಪಿಸಿ, ಇನ್ನೈದು ವರ್ಷಗಳ ಆಯುಷ್ಯ ಬರೆಸಿಕೊಂಡು ಬಂದೆ.

ಇದು ಜಿಪುಣತನವೆಂದು ಕೆಲವರೂ ಹಳೆಯ ವಸ್ತುವಿನ ಮೇಲಿನ ವ್ಯಾಮೋಹವೆಂದು ಕೆಲವರೂ ತಿಳಿದಿದ್ದಾರೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ನಿಜವಾದ ಕಾರಣ ಬೇರೆ. ಅದನ್ನು ಹೇಳಬೇಕಾದರೆ ಆ ಕಾರಿನ ಎಂಜಿನ್ನಿನ ವಿಷಯವನ್ನೂ, 2019ರ ಅಕ್ಟೋಬರ್ ತಿಂಗಳ ಒಂದು ರಾತ್ರಿಯ ವಿಷಯವನ್ನೂ ಹೇಳಬೇಕು. ವಿಜ್ಞಾನದ ಮೇಷ್ಟ್ರಾಗಿದ್ದವನು ನಾನು. ಆದ್ದರಿಂದ ಮೊದಲು ಪಾಠ, ಆಮೇಲೆ ಕಥೆ.

ಈ ಕಾರು ಹುಟ್ಟಿದ್ದು ನಮ್ಮ ರಾಜ್ಯದಲ್ಲಿಯೇ, ಬಿಡದಿಯಲ್ಲಿ. ಜಪಾನಿನ ಟೊಯೊಟಾ ಮತ್ತು ನಮ್ಮ ಕಿರ್ಲೋಸ್ಕರ್ ಸಮೂಹ ಸೇರಿ 1997ರಲ್ಲಿ ಕಟ್ಟಿದ ಕಂಪನಿಯ ಕಾರ್ಖಾನೆ ಅಲ್ಲಿದೆ. 2000ದ ಆರಂಭದಲ್ಲಿ ಅಲ್ಲಿಂದ ಮೊದಲು ಹೊರಬಂದದ್ದು ಕ್ವಾಲಿಸ್. ಮದುವೆ ದಿಬ್ಬಣಕ್ಕೂ ಆಸ್ಪತ್ರೆಗೂ ಧರ್ಮಸ್ಥಳಕ್ಕೂ ಒಂದು ಕಾಲದಲ್ಲಿ ಎಲ್ಲರೂ ಬಾಡಿಗೆಗೆ ಹಿಡಿಯುತ್ತಿದ್ದ ಗಾಡಿ ಅದು. ಅದರ ಡೀಸೆಲ್ ಎಂಜಿನ್ನು 2446 ಸಿಸಿ ಗಾತ್ರದ್ದು, ಶಕ್ತಿ 75 ಅಶ್ವಶಕ್ತಿಯಷ್ಟು, ಟರ್ಬೊ ಇರಲಿಲ್ಲ. 2005ರಲ್ಲಿ ಕ್ವಾಲಿಸ್ ನಿಂತು ಅದರ ಜಾಗಕ್ಕೆ ಇನ್ನೋವಾ ಬಂತು. ಇದರ ಎಂಜಿನ್ನಿನ ಗಾತ್ರ 2494 ಸಿಸಿ, ಅಂದರೆ ಹಿಂದಿನದಕ್ಕಿಂತ ಐವತ್ತು ಸಿಸಿ ಕೂಡ ಹೆಚ್ಚಲ್ಲ. ಆದರೆ ಶಕ್ತಿ 102 ಅಶ್ವಶಕ್ತಿ. ಗಾತ್ರ ಹೆಚ್ಚದೆ ಶಕ್ತಿ ಎಲ್ಲಿಂದ ಬಂತು ಎಂಬುದೇ ಟರ್ಬೊ ಡೀಸೆಲ್ಲಿನ ಕಥೆ.

ಕಾರ್ಖಾನೆಯ ಭಾಷೆಯಲ್ಲಿ ಈ ಎಂಜಿನ್ನಿನ ಹೆಸರು 2ಕೆಡಿ-ಎಫ್‌ಟಿವಿ. ಮಂತ್ರಾಕ್ಷರದಂತೆ ಕಂಡರೂ ಇದರಲ್ಲಿ ಅರ್ಥವಿದೆ. ಕೆಡಿ ಎಂಬುದು ಮನೆತನದ ಹೆಸರು; ಅದರಲ್ಲಿ ಇದು ಎರಡನೆಯದು. ಎಫ್ ಎಂದರೆ ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟುಗಳಿರುವ ಒಂದು ಬಗೆಯ ರಚನೆ. ಟಿ ಎಂದರೆ ಟರ್ಬೊ. ವಿ ಎಂದರೆ ಕಾಮನ್ ರೈಲ್ ಪದ್ಧತಿಯಲ್ಲಿ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ. ಒಂದೇ ಸಾಲಿನಲ್ಲಿ ನಾಲ್ಕು ಸಿಲಿಂಡರುಗಳು. ಒಂದೊಂದರ ಒಳವ್ಯಾಸ 92 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 93.8 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ಬಲ್ಲ ಮಕ್ಕಳು ಲೆಕ್ಕ ಹಾಕಿದರೆ ನಾಲ್ಕಕ್ಕೂ ಸೇರಿ 2494 ಘನ ಸೆಂಟಿಮೀಟರು ಸರಿಯಾಗಿ ಬರುತ್ತದೆ. ಸಿಲಿಂಡರಿಗೆ ನಾಲ್ಕರಂತೆ ಹದಿನಾರು ಕವಾಟಗಳು. ಅತಿ ಹೆಚ್ಚಿನ ಶಕ್ತಿ ದೊರೆಯುವುದು ನಿಮಿಷಕ್ಕೆ 3600 ಸುತ್ತಿನಲ್ಲಿ. ಆದರೆ ಎಳೆಯುವ ಬಲ, ಅಂದರೆ 200 ನ್ಯೂಟನ್ ಮೀಟರ್ ಟಾರ್ಕ್, 1400 ಸುತ್ತಿನಿಂದಲೇ ಸಿಕ್ಕಿ 3400ರವರೆಗೂ ಸಮನಾಗಿ ಇರುತ್ತದೆ. ಎಂಟು ಜನ ಕುಳಿತು, ಮೇಲೆ ಸಾಮಾನು ಕಟ್ಟಿ, ಮಾದಪ್ಪನ ಬೆಟ್ಟದ ತಿರುವುಗಳನ್ನು ಏರುವಾಗ ಉಪಯೋಗಕ್ಕೆ ಬರುವುದು ಈ ಎರಡನೆಯ ಗುಣವೇ. ಎಂಜಿನ್ನನ್ನು ಅರಚಿಸಬೇಕಾಗಿಲ್ಲ, ಅದು ಸಮಾಧಾನವಾಗಿ ಎಳೆಯುತ್ತದೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ತುದಿ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಹದಿನೇಳು ಹದಿನೆಂಟು ಪಟ್ಟು ಒತ್ತಿದರೆ ಕೆಂಡದಂತೆ ಕಾಯುತ್ತದೆ. ಆ ಗಾಳಿಯೊಳಗೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಇದನ್ನು ಮಾಡಿ ತೋರಿಸಿದ. ಟರ್ಬೊ ಎಂಬುದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಖಿ 1905ರಲ್ಲಿ ಹಕ್ಕುಪತ್ರ ಪಡೆದ ಉಪಾಯ. ಎಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆಯಿಂದಲೇ ಒಂದು ಸಣ್ಣ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒಳಗೆ ತುರುಕುವುದು. ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಉರಿಯುತ್ತದೆ. ಅದೇ ಗಾತ್ರದಿಂದ ಹೆಚ್ಚು ಶಕ್ತಿ ಬರುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ ಆ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಕಾಪಾಡುವುದು ಎಂಜಿನ್ ಆಯಿಲ್ಲಿನ ತೆಳುವಾದ ಒಂದು ಪೊರೆ ಮಾತ್ರ.

ಇನ್ನುಳಿದದ್ದು ಕಾಮನ್ ರೈಲ್. ಹಿಂದೆ ಲಾರಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ಒಂದೊಂದು ಸಿಲಿಂಡರಿಗೂ ಅಳತೆ ಮಾಡಿ ಡೀಸೆಲ್ ಕಳಿಸುವ ಯಾಂತ್ರಿಕ ಪಂಪುಗಳಿದ್ದವು. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿ ಹೆಸರಾದದ್ದು ಇಂಥ ಪಂಪುಗಳಿಂದಲೇ. ಎಷ್ಟೋ ಮೆಕ್ಯಾನಿಕ್‌ಗಳ ಬಾಯಲ್ಲಿ ಪಂಪು ಎಂದರೆ ಮೈಕೋ ಪಂಪು. 1990ರ ದಶಕದ ಕೊನೆಯಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲಿನಲ್ಲಿ, ಪಂಪು ಡೀಸೆಲ್ಲನ್ನು ಒತ್ತಿ ಒಂದು ದಪ್ಪ ಕೊಳವೆಯಲ್ಲಿ ತುಂಬಿಡುತ್ತದೆ. ಯಾವ ಇಂಜೆಕ್ಟರು ಯಾವಾಗ ಎಷ್ಟು ಹೊತ್ತು ತೆರೆಯಬೇಕು ಎಂಬುದನ್ನು ಕಂಪ್ಯೂಟರು ತೀರ್ಮಾನಿಸುತ್ತದೆ. ಆ ಕೊಳವೆಯೊಳಗಿನ ಒತ್ತಡ ಸಾವಿರ ಬಾರ್‌ಗೂ ಮೀರಿದ್ದು. ಕಾರಿನ ಟಯರಿನಲ್ಲಿ ಇರುವುದು ಎರಡು, ಎರಡೂವರೆ ಬಾರ್. ಇಂಜೆಕ್ಟರಿನ ತೂತುಗಳಾದರೋ ತಲೆಕೂದಲಿಗೆ ಹೋಲಿಸಬೇಕಾದಷ್ಟು ಸಣ್ಣವು. ಇಷ್ಟು ನಯವಾದ ಭಾಗಗಳಿಗೆ ಜಾರುಗೊಡುವ ಎಣ್ಣೆ ಬೇರೆಯಿಲ್ಲ, ಡೀಸೆಲ್ಲೇ ಎಣ್ಣೆ. ಆದುದರಿಂದ ಅದರಲ್ಲಿ ಕಸ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಇರಬಾರದು.

ಈ ಕೊನೆಯ ವಾಕ್ಯ ನನಗೆ 2019ರಲ್ಲಿ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು.

ನಮ್ಮ ತೋಟದ ಮನೆಯಲ್ಲಿ ಒಂದು ಕಬ್ಬಿಣದ ಡ್ರಮ್ಮು ಇತ್ತು. ವಿದ್ಯುತ್ತನ್ನು ನಂಬಲಾಗದಿದ್ದ ಕಾಲದಲ್ಲಿ ನನ್ನ ತಮ್ಮ ಡೀಸೆಲ್ ಪಂಪ್‌ಸೆಟ್ಟಿಗಾಗಿ ಅದರಲ್ಲಿ ಡೀಸೆಲ್ ತುಂಬಿಡುತ್ತಿದ್ದ. ಪಂಪ್‌ಸೆಟ್ಟು ಮೂಲೆ ಸೇರಿದ ಮೇಲೆ ಡ್ರಮ್ಮಿನ ತಳದಲ್ಲಿ ಹದಿನೈದು ಲೀಟರಿನಷ್ಟು ಉಳಿದುಕೊಂಡಿತ್ತು. ಎರಡು ಮಳೆಗಾಲ ಕಳೆದಿತ್ತು. ಆ ಸೆಪ್ಟೆಂಬರಿನಲ್ಲಿ ನಾನು ಅದನ್ನು ನೋಡಿ, ಸಾವಿರ ರೂಪಾಯಿ ಬೆಲೆಯ ಪದಾರ್ಥ ಹಾಳಾಗುತ್ತಿದೆಯಲ್ಲಾ ಎಂದು ಕ್ಯಾನಿಗೆ ಬಗ್ಗಿಸಿಕೊಂಡು ಕಾರಿನ ಟ್ಯಾಂಕಿಗೆ ಹಾಕಲು ಹೊರಟೆ.

“ಬ್ಯಾಡ ಅಣ್ಣಯ್ಯ, ಅದು ತಳದ್ದು. ನೀರು ಸೇರ್ಕಂಡಿರ್ತದೆ,” ಎಂದ ತಮ್ಮ.

“ಬಟ್ಟೆಯಲ್ಲಿ ಸೋಸಿ ಹಾಕುತ್ತೇನೆ ಬಿಡಪ್ಪ,” ಎಂದೆ ನಾನು.

ಬಟ್ಟೆ ಕಸವನ್ನು ತಡೆಯಿತು, ನೀರನ್ನು ತಡೆಯಲಿಲ್ಲ. ಮೂವತ್ತೆರಡು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಸಾಂದ್ರತೆಯ ಪಾಠ ಹೇಳಿದವನು ನಾನು. ಗಾಜಿನ ಲೋಟದಲ್ಲಿ ನೀರು ಮತ್ತು ಸೀಮೆಎಣ್ಣೆ ಹಾಕಿ, ನೋಡಿ ಮಕ್ಕಳೇ, ಹಗುರವಾದದ್ದು ಮೇಲೆ, ಭಾರವಾದದ್ದು ಕೆಳಗೆ ಎಂದು ವರ್ಷವರ್ಷವೂ ತೋರಿಸಿದವನು. ಡೀಸೆಲ್ಲಿನ ಸಾಂದ್ರತೆ ನೀರಿನದಕ್ಕಿಂತ ಕಡಿಮೆ, 0.83ರ ಆಸುಪಾಸು. ಹಗಲಿನ ಬಿಸಿಲಿಗೂ ರಾತ್ರಿಯ ತಂಪಿಗೂ ಡ್ರಮ್ಮಿನೊಳಗಿನ ಗಾಳಿಯ ತೇವ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಆ ತಳವನ್ನೇ ನಾನು ಬಗ್ಗಿಸಿಕೊಂಡಿದ್ದೆ. ಓದು ಹೆಚ್ಚಿಲ್ಲದ ತಮ್ಮ ಕಂಡದ್ದನ್ನು ನಾನು ಕಾಣಲಿಲ್ಲ.

ನಾಲ್ಕಾರು ದಿನಗಳಾದ ಮೇಲೆ ಕಾರಿನ ಮೀಟರುಗಳ ನಡುವೆ ಒಂದು ಪುಟ್ಟ ದೀಪ ಹತ್ತಿತು. ಏನೋ ಒಂದು ಬಟ್ಟಲಿನಂಥ ಚಿತ್ರ, ಅದರ ಕೆಳಗೆ ಹನಿಗಳು. ಗಾಡಿ ಎಂದಿನಂತೆ ಓಡುತ್ತಿತ್ತು. ಹಳೆಯ ಗಾಡಿ, ವೈರಿಂಗು ಎಲ್ಲೋ ಸಡಿಲವಾಗಿರಬೇಕು ಎಂದುಕೊಂಡೆ. ಮೂರು ವಾರ ಆ ದೀಪ ಹತ್ತಿಯೇ ಇತ್ತು. ಒಂದು ಹಂತದಲ್ಲಿ ನನ್ನ ಕಣ್ಣಿಗೆ ಅದು ಕಾಣುವುದೇ ನಿಂತುಹೋಯಿತು.

ಅಕ್ಟೋಬರಿನ ಆ ರಾತ್ರಿ ಎರಡು ಗಂಟೆಗೆ ನಾದಿನಿ ಬಂದು ಬಾಗಿಲು ತಟ್ಟಿದಳು. ತಮ್ಮನಿಗೆ ಎದೆನೋವು, ಮೈಯೆಲ್ಲ ಬೆವರು. ವಾರದಿಂದ ಎದೆ ಉರಿಯುತ್ತಿದೆ ಎನ್ನುತ್ತಿದ್ದನಂತೆ. ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದಿದ್ದನಂತೆ. 108ಕ್ಕೆ ಕರೆ ಮಾಡೋಣವೇ ಎಂದು ಅವಳು ಕೇಳಿದಳು. ಅದು ಬಂದು ಹೋಗುವಷ್ಟರಲ್ಲಿ ನಾವೇ ಮೈಸೂರು ಸೇರಬಹುದು, ಕಾರಿದೆಯಲ್ಲ ಎಂದೆ. ಆ ತೀರ್ಮಾನ ನನ್ನದು.

ನಂಜನಗೂಡಿನವರೆಗೆ ಕಾರು ಚೆನ್ನಾಗಿಯೇ ಓಡಿತು. ಕಪಿಲೆಯ ಸೇತುವೆ ದಾಟಿ ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದಾಗ ಎಂಜಿನ್ನು ಒಮ್ಮೆ ತಡವರಿಸಿತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ನಲವತ್ತರ ಮೇಲೆ ಹೋಗಲೊಲ್ಲದು. ಮೀಟರಿನಲ್ಲಿ ಎಂಜಿನ್ನಿನ ಚಿತ್ರದ ದೀಪವೂ ಹತ್ತಿತು. ತಾಂಡವಪುರದ ಹತ್ತಿರ ಒಂದು ಜಗ್ಗು ಜಗ್ಗಿ ನಿಂತೇಹೋಯಿತು. ಮತ್ತೆ ಮತ್ತೆ ಬೀಗದಕೈ ತಿರುಗಿಸಿದೆ. ಸ್ಟಾರ್ಟರು ತಿರುಗುತ್ತದೆ, ಎಂಜಿನ್ನು ಹಿಡಿಯುವುದಿಲ್ಲ. ಹಿಂದಿನ ಸೀಟಿನಲ್ಲಿ ತಮ್ಮ ಹೆಂಡತಿಯ ಹೆಗಲಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ರಸ್ತೆಯ ನಡುವೆ ನಿಂತು ಕೈ ಬೀಸಿದೆ. ಎರಡು ಲಾರಿಗಳು ನಿಲ್ಲದೆ ಹೋದವು. ಗುಂಡ್ಲುಪೇಟೆ ಕಡೆಯಿಂದ ಮೈಸೂರಿನ ಮಾರುಕಟ್ಟೆಗೆ ತರಕಾರಿ ಒಯ್ಯುತ್ತಿದ್ದ ಟೆಂಪೊ ಒಂದು ಕೊನೆಗೆ ನಿಂತಿತು. ಚಾಲಕ ಹುಡುಗ ಮಾತಾಡದೆ ಇಳಿದು, ಮುಂದಿನ ಸೀಟಿನ ಮೂಟೆಗಳನ್ನು ಹಿಂದಕ್ಕೆ ಎಸೆದು, ತಮ್ಮನನ್ನು ಎತ್ತಿ ಕೂರಿಸಿದ. ಅವನ ಹೆಸರನ್ನೂ ಕೇಳಲಿಲ್ಲ. ಒಟ್ಟು ನಲವತ್ತು ನಿಮಿಷ ಹೋಗಿತ್ತು.

ತಮ್ಮ ಉಳಿದ. ಆದರೆ ವೈದ್ಯರು ನನಗೆ ಬಿಡಿಸಿ ಹೇಳಿದರು: ರಕ್ತನಾಳ ಮುಚ್ಚಿಕೊಂಡಾಗ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ, ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಸ್ವಲ್ಪ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು. ಆಮೇಲೆ ತಮ್ಮ ನೇಗಿಲು ಹಿಡಿಯಲಿಲ್ಲ, ಸನಿಕೆಯನ್ನೂ ಎತ್ತಲಿಲ್ಲ. ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು.

ಕಾರನ್ನು ಮರುದಿನ ಎಳೆಸಿಕೊಂಡು ನಂಜನಗೂಡಿನ ಡೀಸೆಲ್ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಬಿಟ್ಟಿದ್ದೆವು. ವಾರದ ಮೇಲೆ ಹೋದೆ. ಆ ಕಂಪನಿಯನ್ನೂ, ಕಾರು ಮಾರಿದವನನ್ನೂ, ಪೆಟ್ರೋಲ್ ಬಂಕನ್ನೂ ಬಯ್ಯುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಹೋಗಿದ್ದೆ. ಮೇಸ್ತ್ರಿ ಒಂದು ಗಾಜಿನ ಬಾಟಲಿಯನ್ನು ತಂದು ನನ್ನ ಮುಂದಿಟ್ಟರು. ಫಿಲ್ಟರಿನಿಂದ ಇಳಿಸಿದ್ದು. ಕೆಳಗೆ ಮೂರು ಬೆರಳಿನಷ್ಟು ಕಂದು ನೀರು, ಮೇಲೆ ಡೀಸೆಲ್. ನನ್ನ ತರಗತಿಯ ಲೋಟವೇ.

“ಮೇಷ್ಟ್ರೇ, ದೀಪ ಹತ್ತಿ ಎಷ್ಟ್ ದಿನ ಆಗಿತ್ತು?” ಎಂದು ಕೇಳಿದರು.

ನಾನು ಉತ್ತರ ಹೇಳಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ನನ್ನನ್ನು ಬಾನೆಟ್ಟಿನ ಹತ್ತಿರ ಕರೆದೊಯ್ದು ಡೀಸೆಲ್ ಫಿಲ್ಟರನ್ನು ತೋರಿಸಿದರು. ಅದರ ಕೆಳಗೆ ಒಂದು ಪುಟ್ಟ ತಿರುಗಣಿ ಇದೆ. ಅದನ್ನು ಕೈಯಿಂದಲೇ ಸಡಿಲಿಸಿ, ಮೇಲಿನ ಗುಂಡಿಯನ್ನು ಹತ್ತಾರು ಸಲ ಒತ್ತಿದರೆ ತಳದಲ್ಲಿ ಸೇರಿದ ನೀರೆಲ್ಲ ಹೊರಬರುತ್ತದೆ. ಬರೀ ಡೀಸೆಲ್ ಬರತೊಡಗಿದಾಗ ತಿರುಗಣಿ ಬಿಗಿ ಮಾಡಿದರೆ ದೀಪ ಆರುತ್ತದೆ. ಐದು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ. ಮನೆಗೆ ಬಂದು ಕಾರಿನ ಕೈಪಿಡಿಯನ್ನು ತೆಗೆದೆ. ಹಿಂದಿನ ಮಾಲೀಕರು ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೊಟ್ಟಿದ್ದರು. ಆ ದೀಪದ ಚಿತ್ರವೂ ಅದಕ್ಕೆ ಮಾಡಬೇಕಾದ ಕೆಲಸವೂ ಅದರಲ್ಲಿ ಅಚ್ಚಾಗಿದ್ದವು. ಪುಸ್ತಕ ಓದಿ ಎಂದು ಜೀವಮಾನವೆಲ್ಲ ಮಕ್ಕಳಿಗೆ ಹೇಳಿದವನು ಆರು ವರ್ಷ ಆ ಪುಸ್ತಕದ ಚೀಲವನ್ನೇ ಬಿಚ್ಚಿರಲಿಲ್ಲ.

ಟ್ಯಾಂಕು ತೊಳೆಸಿ, ಕೊಳವೆಗಳನ್ನು ಬಿಡಿಸಿ, ತುಕ್ಕು ಹಿಡಿದಿದ್ದ ಎರಡು ಇಂಜೆಕ್ಟರುಗಳನ್ನು ಬದಲಾಯಿಸಿ ಗಾಡಿ ಮನೆಗೆ ಬರುವಷ್ಟರಲ್ಲಿ ಅರ್ಧ ಲಕ್ಷ ರೂಪಾಯಿ ಖರ್ಚಾಗಿತ್ತು. ಸಾವಿರ ರೂಪಾಯಿ ಉಳಿಸಿದ ಲೆಕ್ಕ ಹಾಗೆ ಮುಗಿಯಿತು. ಉಳಿದ ಲೆಕ್ಕ ರೂಪಾಯಿಯಲ್ಲಿ ಬರೆಯುವಂಥದಲ್ಲ.

ಅಂದಿನಿಂದ ನಾನು ಮೇಸ್ತ್ರಿಯವರ ಶೆಡ್ಡಿನಲ್ಲಿ ಕುಳಿತು ಪಾಠ ಕಲಿತೆ. ಮಗ್ಗಿ ಪುಸ್ತಕದಂಥ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಇಂಥ ಹಳೆಯ ಟರ್ಬೊ ಡೀಸೆಲ್ ಎಂಜಿನ್ನು ಇಟ್ಟುಕೊಂಡವರಿಗೆ ಪ್ರಯೋಜನವಾಗಬಹುದೆಂದು ಅದರ ಸಾರವನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದು ಹೊಗೆಯ ಬಣ್ಣ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ: ಗಾಳಿಯ ಫಿಲ್ಟರು ಕಟ್ಟಿರಬಹುದು, ಟರ್ಬೊದಿಂದ ಬರುವ ರಬ್ಬರ್ ಹೋಸು ಸೀಳಿರಬಹುದು, ಇಂಜೆಕ್ಟರು ಹನಿಸುತ್ತಿರಬಹುದು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ: ಟರ್ಬೊದ ಸೀಲೋ, ಪಿಸ್ಟನ್ನಿನ ಉಂಗುರಗಳೋ ಸವೆದಿವೆ. ಬಿಳಿಯ ಹೊಗೆ ಬಿಡದೆ ಬಂದರೆ ಡೀಸೆಲ್ ಉರಿಯದೆ ಹೊರಹೋಗುತ್ತಿದೆ. ಅದರೊಂದಿಗೆ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೇ ಎಂದು ನೋಡಬೇಕು.

ಎರಡನೆಯದು ದನಿ. ಗಾಡಿ ನಿಂತಿರುವಾಗ ಎಂಜಿನ್ನಿನ ಸದ್ದು ತಾನಾಗಿ ಏರುತ್ತ ಇಳಿಯುತ್ತ ಇದ್ದರೆ, ಅಥವಾ ನಿಂತು ನಿಂತು ಹೋಗುತ್ತಿದ್ದರೆ, ದೊಡ್ಡ ಪಂಪಿನ ಮೇಲಿರುವ ಡೀಸೆಲ್ ಅಳೆಯುವ ಕವಾಟವನ್ನು ಸಂಶಯಿಸಬೇಕು. ಮೆಕ್ಯಾನಿಕ್‌ಗಳು ಅದನ್ನು ಎಸ್‌ಸಿವಿ ಎನ್ನುತ್ತಾರೆ. ಪಂಪು ಕೆಟ್ಟಿದೆಯೆಂದು ಹೇಳಿ ಪಂಪನ್ನೇ ಬದಲಾಯಿಸುವ ಮೊದಲು ಈ ಸಣ್ಣ ಕವಾಟವನ್ನು ನೋಡಿಸಬೇಕು. ಬಾನೆಟ್ಟಿನೊಳಗೆ ‘ಚುಸ್ ಚುಸ್’ ಎಂಬ ಸದ್ದು ಬಂದು ಇಂಜೆಕ್ಟರಿನ ಬುಡದಲ್ಲಿ ಕಪ್ಪು ಡಾಂಬರಿನಂಥದು ಕಟ್ಟಿದ್ದರೆ, ಅದರಡಿಯ ತಾಮ್ರದ ವಾಷರು ಸೋರುತ್ತಿದೆ. ಇದು ಅಲ್ಪವೆಂದು ತೋರಿದರೂ ಅಪಾಯಕಾರಿ. ಆ ಮಸಿ ಆಯಿಲ್ಲಿಗೆ ಸೇರಿ, ಕೆಳಗೆ ಆಯಿಲ್ ಹೀರುವ ಜಾಲರಿಯನ್ನು ಮುಚ್ಚಿದರೆ ಎಂಜಿನ್ನಿಗೆ ಆಯಿಲ್ಲೇ ಸಿಗದೆ ಬೇರಿಂಗುಗಳು ಸುಟ್ಟುಹೋಗುತ್ತವೆ. ನೂರಿನ್ನೂರು ರೂಪಾಯಿಯ ವಾಷರಿಗಾಗಿ ಇಡೀ ಎಂಜಿನ್ನು ಹೋದದ್ದನ್ನು ಮೇಸ್ತ್ರಿ ಕಂಡಿದ್ದಾರಂತೆ.

ಮೂರನೆಯದು ಬೆಳಗಿನ ಮೊದಲ ಸ್ಟಾರ್ಟು. ಹೆಚ್ಚು ಹೊತ್ತು ತಿರುಗಿಸಿದ ಮೇಲೆ ಹಿಡಿದರೆ ಗ್ಲೋ ಪ್ಲಗ್ಗುಗಳನ್ನೂ ಇಂಜೆಕ್ಟರುಗಳನ್ನೂ ಪರೀಕ್ಷಿಸಬೇಕು. ಇಂಜೆಕ್ಟರಿನ ಪರೀಕ್ಷೆ ಬಹಳ ಸರಳ. ನಾಲ್ಕಕ್ಕೂ ಒಂದೊಂದು ಕೊಳವೆ ಸಿಕ್ಕಿಸಿ, ಅವು ಬಳಸದೆ ಹಿಂದಿರುಗಿಸುವ ಡೀಸೆಲ್ಲನ್ನು ನಾಲ್ಕು ಬಾಟಲಿಗಳಲ್ಲಿ ಹಿಡಿಯುತ್ತಾರೆ. ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರು ಸವೆದಿದೆ. ನಮ್ಮ ಪ್ರಯೋಗಶಾಲೆಯಲ್ಲಿ ಇಷ್ಟು ಚೆಂದದ ಪ್ರಯೋಗವನ್ನು ನಾನು ಮಾಡಿಸಿರಲಿಲ್ಲ.

ನಾಲ್ಕನೆಯದು ಆಯಿಲ್ಲು ಮತ್ತು ಟರ್ಬೊ. ಏಳು ಲೀಟರಿನಷ್ಟು ಹಿಡಿಯುವ ಎಂಜಿನ್ ಆಯಿಲ್ಲನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸದಿರುವುದೇ ಟರ್ಬೊದ ಮುಖ್ಯ ಶತ್ರು. ಬೆಟ್ಟ ಹತ್ತಿ ಬಂದ ಕೂಡಲೇ ಎಂಜಿನ್ನನ್ನು ಆರಿಸಬಾರದು. ಒಂದೆರಡು ನಿಮಿಷ ಸುಮ್ಮನೆ ಓಡಗೊಡಬೇಕು. ತಕ್ಷಣ ಆರಿಸಿದರೆ ಕಾದ ಟರ್ಬೊದೊಳಗೆ ಆಯಿಲ್ಲಿನ ಹರಿವು ನಿಂತು, ಇದ್ದ ಆಯಿಲ್ಲು ಸುಟ್ಟು ಕರಕಾಗುತ್ತದೆ. ಇಜಿಆರ್ ಎಂಬ ಇನ್ನೊಂದು ಕವಾಟವಿದೆ. ವಿಷಾನಿಲ ಕಡಿಮೆ ಮಾಡಲು ಎಂಜಿನ್ನು ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಒಳಗೆ ಕಳಿಸುವುದು ಅದರ ಕೆಲಸ. ಊರೊಳಗೆ ಮಾತ್ರ ಓಡಾಡುವ ಗಾಡಿಯಲ್ಲಿ ಅದು ಮಸಿ ಹಿಡಿದು ಅಂಟಿಕೊಳ್ಳುತ್ತದೆ, ಬಿಚ್ಚಿ ತೊಳೆಸಬೇಕು.

ಐದನೆಯದು ಟೈಮಿಂಗ್ ಬೆಲ್ಟು. ಈ ಎಂಜಿನ್ನಿನಲ್ಲಿ ಕವಾಟಗಳನ್ನು ನಡೆಸುವುದು ಸರಪಳಿಯಲ್ಲ, ರಬ್ಬರಿನ ಹಲ್ಲುಪಟ್ಟಿ. ಅದು ತುಂಡಾದರೆ ಪಿಸ್ಟನ್ನುಗಳು ಕವಾಟಗಳಿಗೆ ಬಡಿಯುತ್ತವೆ. ಕೇಳಿ ಬದಲಾಯಿಸುವಂತಿಲ್ಲ, ಏಕೆಂದರೆ ಅದು ಮುಂಚೆ ಸದ್ದು ಮಾಡುವುದಿಲ್ಲ. ಲಕ್ಷ ಕಿಲೋಮೀಟರಿಗೊಮ್ಮೆ ಬದಲಾಯಿಸುವುದು ನಮ್ಮ ಮೇಸ್ತ್ರಿಯವರ ಪದ್ಧತಿ. ಕೊನೆಯದಾಗಿ ರೇಡಿಯೇಟರು. ನಮ್ಮ ಕಡೆಯ ಬೋರ್‌ವೆಲ್ಲಿನ ನೀರು ಗಡಸು. ಅನ್ನದ ಪಾತ್ರೆಯಲ್ಲಿ ಬಿಳಿ ಕಟ್ಟುವಂತೆ ಎಂಜಿನ್ನಿನ ಒಳದಾರಿಗಳಲ್ಲಿಯೂ ಕಟ್ಟುತ್ತದೆ. ಕೂಲೆಂಟನ್ನೇ ಹಾಕಬೇಕು.

ಈ ಎಂಜಿನ್ನನ್ನು ನಾನು ಹೊಗಳುತ್ತ ಕೂರುವುದಿಲ್ಲ. ಹಳೆಯ ಡೀಸೆಲ್ಲಿನ ಹೊಗೆ ಉಸಿರಿಗೆ ಒಳ್ಳೆಯದಲ್ಲ. 2015ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿ ಪ್ರದೇಶದಲ್ಲಿ 2000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ಹೊಸ ನೋಂದಣಿಯನ್ನು ತಡೆದಾಗ ಇನ್ನೋವಾ ಕೂಡ ಅದರಲ್ಲಿ ಸೇರಿತ್ತು. 2016ರ ಆಗಸ್ಟಿನಲ್ಲಿ ಶೇಕಡಾ ಒಂದರ ಪರಿಸರ ಶುಲ್ಕದೊಂದಿಗೆ ಆ ತಡೆ ತೆರವಾಯಿತು. ಅದೇ 2016ರಲ್ಲಿ ಕ್ರಿಸ್ಟಾ ಬಂದು ಈ ಎಂಜಿನ್ನಿನ ಕಾಲ ಇಲ್ಲಿ ಮುಗಿಯಿತು. ಡೀಸೆಲ್ಲೂ ಬದಲಾಗಿದೆ: ಬಿಎಸ್-3ರಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗದವರೆಗೆ ಇರಬಹುದಾಗಿದ್ದ ಗಂಧಕ, 2017ರಲ್ಲಿ ದೇಶವ್ಯಾಪಿಯಾದ ಬಿಎಸ್-4ರಲ್ಲಿ 50ಕ್ಕೆ, 2020ರ ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಈಗ ನಾನು ಕಾರನ್ನು ವಾರಕ್ಕೊಮ್ಮೆ ಮೈಸೂರಿಗೆ, ತಮ್ಮನ ಆಸ್ಪತ್ರೆಯ ತಪಾಸಣೆಗೆ, ಊರಿನಲ್ಲಿ ಯಾರಿಗಾದರೂ ತುರ್ತು ಬಂದರೆ ಅದಕ್ಕೆ ಮಾತ್ರ ತೆಗೆಯುತ್ತೇನೆ. ಹೊಗೆ ತಪಾಸಣೆ ತಪ್ಪಿಸುವುದಿಲ್ಲ.

ನಮ್ಮ ತಗಡೂರು ಖಾದಿಯ ಊರು. ತಗಡೂರು ರಾಮಚಂದ್ರರಾಯರ ಊರು. ನಮ್ಮ ಬಾಲ್ಯದಲ್ಲಿ ನೂಲುತ್ತಿದ್ದ ಅಜ್ಜಿಯರು ಚರಕದ ಕದಿರು ಕಿರುಗುಟ್ಟಿದರೆ ನೂಲು ಕಡಿಯುವ ಮೊದಲೇ ನಿಲ್ಲಿಸಿ ಒಂದು ತೊಟ್ಟು ಎಣ್ಣೆ ಬಿಡುತ್ತಿದ್ದರು. ಆ ಅಜ್ಜಿಯರಿಗೆ ಗೊತ್ತಿದ್ದದ್ದು ಇಷ್ಟೇ: ಯಂತ್ರ ಕೆಡುವ ಮೊದಲು ಹೇಳುತ್ತದೆ. ಬಹುಪಾಲು ದೋಷಗಳು ಹಾಗೆಯೇ. ಬಣ್ಣದಲ್ಲೋ, ಸದ್ದಿನಲ್ಲೋ, ಒಂದು ಪುಟ್ಟ ದೀಪದಲ್ಲೋ ಹೇಳುತ್ತವೆ. ಎದೆ ಉರಿಯುತ್ತಿದೆ ಎಂದು ವಾರವೆಲ್ಲ ತಮ್ಮನೂ ಹೇಳಿದ್ದ. ಎರಡನ್ನೂ ನಾವು ಕೇಳಿಸಿಕೊಳ್ಳಲಿಲ್ಲ.

ಆಸ್ಪತ್ರೆಯಿಂದ ಬಂದ ತಿಂಗಳಿನಲ್ಲಿ ನಾನು ಕಾರನ್ನು ಮಾರಲು ನಿಶ್ಚಯಿಸಿದ್ದೆ. ಅದನ್ನು ಕಣ್ಣೆದುರು ನೋಡಲಾಗುತ್ತಿರಲಿಲ್ಲ. ಕೊಳ್ಳುವವರೂ ಬಂದು ಬಾನೆಟ್ಟು ಎತ್ತಿ ನೋಡುತ್ತಿದ್ದರು. ಜಗುಲಿಯ ಮೇಲೆ ಕುಳಿತಿದ್ದ ತಮ್ಮ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದ: “ಅದ್ಯಾಕಣ್ಣಯ್ಯ ಮಾರ್ತೀಯ? ಅದು ಹೇಳ್ತಲ್ಲ, ಪಾಪ. ಅದರದೇನು ತಪ್ಪು?”

ತಪ್ಪು ಯಾರದೆಂದು ಅವನು ಅಂದೂ ಹೇಳಲಿಲ್ಲ, ಈವರೆಗೂ ಹೇಳಿಲ್ಲ. ನಾನು ಬಂದವರಿಗೆ ಕಾಫಿ ಕೊಟ್ಟು ಕಳಿಸಿದೆ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮಿಬ್ಬರಿಗೂ ಒಂದು ಕೆಲಸವಿದೆ. ತಮ್ಮ ನಿಧಾನವಾಗಿ ನಡೆದು ಬಂದು ಚಾಲಕನ ಸೀಟಿನಲ್ಲಿ ಕೂರುತ್ತಾನೆ. ನಾನು ಬಾನೆಟ್ಟು ಎತ್ತಿ, ಆಯಿಲ್ಲಿನ ಕಡ್ಡಿ ಒರೆಸಿ ನೋಡಿ, ಫಿಲ್ಟರಿನ ತಿರುಗಣಿ ಸಡಿಲಿಸಿ ಒಂದು ಗಾಜಿನ ಲೋಟದಲ್ಲಿ ಡೀಸೆಲ್ ಹಿಡಿದು ಬೆಳಕಿಗೆ ತೋರಿಸುತ್ತೇನೆ. ಅವನು ಬೀಗದಕೈಯನ್ನು ಅರ್ಧ ತಿರುಗಿಸುತ್ತಾನೆ. ಆಗ ಮೀಟರಿನ ದೀಪಗಳೆಲ್ಲ ಒಮ್ಮೆ ಹತ್ತಬೇಕು. ಆಮೇಲೆ ಎಂಜಿನ್ನು ಹಿಡಿದಾಗ ಒಂದೊಂದೂ ಆರಬೇಕು. ಅವನು ಒಳಗಿನಿಂದ ಕೂಗಿ ಹೇಳುತ್ತಾನೆ: ಆಯಿಲ್ಲಿಂದು ಆರ್ತು, ಬ್ಯಾಟರೀದು ಆರ್ತು, ನೀರಿಂದು ಆರ್ತು. ನಾನು ನೋಟುಪುಸ್ತಕದಲ್ಲಿ ತಾರೀಖು ಹಾಕಿ ಗುರುತು ಮಾಡುತ್ತೇನೆ. ಆಮೇಲೆ ಇಬ್ಬರೂ ಮಾತಾಡದೆ ಎರಡು ನಿಮಿಷ ಎಂಜಿನ್ನಿನ ದನಿ ಕೇಳುತ್ತೇವೆ.

“ಸರಿಯಾಗದೆ ಅಣ್ಣಯ್ಯ,” ಎನ್ನುತ್ತಾನೆ ಅವನು.

ಅವನು ಇಳಿದು ಮನೆಗೆ ನಡೆಯುವಾಗ ನಾನು ಜೊತೆಯಲ್ಲಿ ಹೆಜ್ಜೆ ಹಾಕುತ್ತೇನೆ. ಅವನ ಉಸಿರು ಎಷ್ಟನೆಯ ಹೆಜ್ಜೆಗೆ ಏರುತ್ತದೆಂದು ಎಣಿಸುತ್ತೇನೆ. ಅದನ್ನೂ ಆ ಪುಸ್ತಕದಲ್ಲಿಯೇ, ಕೊನೆಯ ಪುಟಗಳಲ್ಲಿ, ಬರೆದಿಡುತ್ತಿದ್ದೇನೆ. ಅವನಿಗೆ ಹೇಳಿಲ್ಲ.